ಸಾಲಗಾರನ ಸತ್ಯ

(ಶ್ರಾವಣ ಮಾಸದ ಪ್ರವಚನದಿಂದ)



ಕೆಲವು ವರ್ಷಗಳ ಹಿಂದೆ ಅಕ್ಕಲಕೋಟೆ ಕಡೆಯ ಒಂದು ಊರಿನಲ್ಲಿ ನಾವು ಸಾಲದ ವಿಷಯವಾಗಿ ಮಾತನಾಡಿದ್ದೆವು. ಕೊಟ್ಟವರ ಹಣ ತಿರುಗಿ ಕೊಡದವನಿಗೆ ಲಿಂಗ ಮುಟ್ಟುವ ಯೋಗ್ಯತೆ ಇಲ್ಲವೆಂದು ಮಾತಿನ ಭರದಲ್ಲಿ ಅಂದುಬಿಟ್ಟೆವು. ಕೂತ ಜನ ತಲೆದೂಗಿದರು. ಹಿಂದೆ ಕಂಬಕ್ಕೆ ಆತುಕೊಂಡಿದ್ದ ಒಬ್ಬ ಭಕ್ತ ಮಾತ್ರ ಎದ್ದು ಹೋದ. ಪ್ರಸಾದಕ್ಕೂ ನಿಲ್ಲಲಿಲ್ಲ.

ಮರುದಿನ ನಸುಕಿನಲ್ಲಿ ಅವನ ಹೆಂಡತಿ ಬಂದಳು. “ಅಪ್ಪಾರ್ರೀ, ರಾತ್ರಿ ಬಂದವರ ಕೊರಳಾಗಿನ ಲಿಂಗ ತಗದು ಜಗಲಿ ಮ್ಯಾಲ ಇಟ್ಟಾರ. ಉಂಡಿಲ್ಲ. ಬಾವಿ ಕಡಿಗೆ ಹೊಂಟಿದ್ರು, ಮಗ ಕೈ ಹಿಡಕೊಂಡು ಕೂತಾನ” ಅಂದಳು.

ಅಂದು ನಮ್ಮ ಪೂಜೆ ಅರ್ಧಕ್ಕೆ ನಿಂತಿತು. ಅವರ ಮನೆಗೆ ಹೋದೆವು. ಅವನು ಸೊಲ್ಲಾಪುರದ ಚಾದರ ಕಾರಖಾನೆಯೊಂದರಲ್ಲಿ ಹದಿನೈದು ವರ್ಷ ದುಡಿದವನು. ಕಾರಖಾನೆ ನಿಂತಿತು, ಪಗಾರ ನಿಂತಿತು. ಊರಿಗೆ ಬಂದು ಸಾಲ ಮಾಡಿ ಕಿರಾಣಿ ಅಂಗಡಿ ಇಟ್ಟ. ಎರಡು ವರ್ಷ ಮಳೆ ಕೈಕೊಟ್ಟಿತು. ಊರೆಲ್ಲ ಉದ್ರಿ ಒಯ್ದಿತು, ವಸೂಲಿ ಬರಲಿಲ್ಲ. ಪತಸಂಸ್ಥೆಯ ಸಾಲ, ಸೊಲ್ಲಾಪುರದ ಠೋಕ ವ್ಯಾಪಾರಿಯ ಬಾಕಿ, ಇಬ್ಬರು ಸಾವಕಾರರ ಬಡ್ಡಿ, ಎಲ್ಲ ಕೂಡಿ ನಾಲ್ಕು ಲಕ್ಷ ದಾಟಿತ್ತು. ಅಂಗಡಿ ಮುಚ್ಚಿ ಎಂಟು ತಿಂಗಳಾಗಿತ್ತು. ಕೈಯಲ್ಲಿ ಕೆಲಸವಿಲ್ಲ.

ಅವನ ಎದುರು ಕೂತಾಗ, ವೇದಿಕೆಯ ಮೇಲೆ ನಾವು ಆಡಿದ ಮಾತು ನಮಗೇ ಭಾರವಾಯಿತು. ಕೊಡಲಾರದವನಿಗೂ ಕೊಡಲೊಲ್ಲದವನಿಗೂ ಒಂದೇ ಮಾತು ಅಂದಿದ್ದೆವು. ಅದು ತಪ್ಪು. ಅವನ ಎದುರೇ ತಪ್ಪು ಅಂದೆವು, ಇಂದು ನಿಮ್ಮ ಎದುರೂ ಹೇಳುತ್ತಿದ್ದೇವೆ. ಜಗಲಿಯ ಮೇಲಿನ ಲಿಂಗವನ್ನು ಎತ್ತಿ ಅವನ ಅಂಗೈಗೆ ಕೊಟ್ಟೆವು. ಕಟ್ಟಿಕೊಳ್ಳಲು ಬಹಳ ಹೊತ್ತು ಹಿಡಿಯಿತು ಅವನಿಗೆ.

ಮಠದ ಭಕ್ತರಲ್ಲಿ ಒಬ್ಬ ವಕೀಲರಿದ್ದಾರೆ. ಅವರಲ್ಲಿಗೆ ಕರೆದುಕೊಂಡು ಹೋದೆವು. ಅಲ್ಲಿ ಕೇಳಿದ್ದನ್ನು ನೀವೂ ಕೇಳಬೇಕು. ನಾವು ದಿವಾಳಿ ಅನ್ನುವುದಕ್ಕೆ ಮರಾಠಿಯಲ್ಲಿ ನಾದಾರಿ ಅನ್ನುತ್ತಾರೆ. ಎರಡೂ ನಮ್ಮಲ್ಲಿ ಬೈಗುಳದ ಮಾತುಗಳೇ. ಆದರೆ ಅದಕ್ಕೊಂದು ಕಾನೂನಿದೆ, 1920ರದ್ದು. 2016ರಲ್ಲಿ ಹೊಸ ಕಾನೂನು ಬಂದರೂ, ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಪಟ್ಟ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಯ ಸಾಲಕ್ಕೆ ಜಾಮೀನು ನಿಂತವರಿಗೆ. ಹಳ್ಳಿಯ ಅಂಗಡಿಕಾರನಿಗೆ ಹಳೆಯದೇ ದಾರಿ. ಸಾಲ ತೀರಿಸಲು ಶಕ್ತಿಯಿಲ್ಲದವನು, ಸಾಲ ಐನೂರು ರೂಪಾಯಿ ಮುಟ್ಟಿದ್ದರೆ, ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದು. ಯಾರ ಯಾರ ಸಾಲ ಎಷ್ಟು, ತನ್ನದೆಂಬುದು ಏನೇನಿದೆ, ಎಲ್ಲ ಬರೆದುಕೊಡಬೇಕು. ಕಿರ್ದಿ ಪುಸ್ತಕ ಮುಂದಿಡಬೇಕು. ನ್ಯಾಯಾಲಯ ಒಪ್ಪಿದರೆ ಆಸ್ತಿ ರಿಸೀವರನ ಕೈಗೆ ಹೋಗುತ್ತದೆ, ಮಾರಿ ಬಂದದ್ದು ಸಾಲ ಕೊಟ್ಟವರಿಗೆ ಹಂಚಿಕೆಯಾಗುತ್ತದೆ. ಮುಂದೆ ಬಿಡುಗಡೆಯ ಹುಕುಂ ಸಿಕ್ಕರೆ ಉಳಿದ ಸಾಲದಿಂದ ಅವನು ಮುಕ್ತ. ಸರಕಾರದ ಬಾಕಿ, ಮೋಸದಿಂದ ಮಾಡಿದ ಸಾಲ, ಇವು ಮಾತ್ರ ಹೋಗುವುದಿಲ್ಲ. ಅಡವಿಟ್ಟ ಹೊಲದ ಮೇಲೆ ಬ್ಯಾಂಕಿನ ಹಕ್ಕೂ ಹೋಗುವುದಿಲ್ಲ.

ಎಲ್ಲವನ್ನೂ ಕಿತ್ತುಕೊಳ್ಳುತ್ತಾರೆಂಬ ಭಯ ಅವನಿಗಿತ್ತು. ಹಾಗಿಲ್ಲ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕಸುಬುದಾರನ ಹತ್ಯಾರು, ರೈತನ ಒಕ್ಕಲುತನದ ಸಾಮಾನು, ಬದುಕಿಗೆ ಬೇಕಾದ ಎತ್ತು, ಬಿತ್ತನೆಯ ಕಾಳು, ಅವನು ವಾಸವಿರುವ ಮನೆ, ಇವನ್ನು ಸಾಮಾನ್ಯವಾಗಿ ಜಪ್ತಿ ಮಾಡುವಂತಿಲ್ಲ. ಹೆಂಡತಿಗೆ ತವರಿನವರು ಕೊಟ್ಟ ಬಂಗಾರ ಅವಳದು. ಜೇಲಿನ ಹೆದರಿಕೆ ಹಾಕುವವರು ಊರಿನಲ್ಲಿ ಇದ್ದೇ ಇರುತ್ತಾರೆ. ಕೊಡುವ ಶಕ್ತಿಯಿಲ್ಲದ ಬಡವನನ್ನು ಬರೀ ಸಾಲಕ್ಕಾಗಿ ಜೇಲಿಗೆ ಹಾಕುವುದು ಸರಿಯಲ್ಲವೆಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ.

ಹಾಗೆಂದು ಇದು ಸುಲಭದ ದಾರಿಯಲ್ಲ. ವರ್ಷಗಟ್ಟಲೆ ಎಳೆಯುತ್ತದೆ. ಬಿಡುಗಡೆ ಆಗುವ ಮುಂಚೆ ಯಾರ ಹತ್ತಿರವಾದರೂ ಐವತ್ತು ರೂಪಾಯಿ ಉದ್ರಿ ತಂದರೂ ನಾನು ದಿವಾಳಿಯವನು ಎಂದು ಹೇಳಿಯೇ ತರಬೇಕು, ಮುಚ್ಚಿಟ್ಟರೆ ಅಪರಾಧ. ಬಿಡುಗಡೆ ಕೇಳಿದಾಗ, ಸಾಲಕ್ಕೆ ರೂಪಾಯಿಗೆ ಎಂಟಾಣೆಯಷ್ಟಾದರೂ ಆಸ್ತಿ ಇದೆಯೇ ಎಂದು ನ್ಯಾಯಾಧೀಶರು ನೋಡುತ್ತಾರೆ. ಇಲ್ಲದಿದ್ದರೆ ಅದು ತನ್ನ ತಪ್ಪಿನಿಂದಲ್ಲ ಎಂದು ತೋರಿಸಬೇಕು. ಜೂಜು, ಅತಿಯಾದ ಖರ್ಚು, ಬರೆದಿಡದ ಲೆಕ್ಕ, ಇವು ಅಡ್ಡ ಬರುತ್ತವೆ. ಮಳೆ ಹೋದದ್ದಕ್ಕೂ ಓಸಿ ಆಡಿದ್ದಕ್ಕೂ ಇರುವ ಅಂತರ ಇಂಗ್ರಜರ ಕಾಲದ ಕಾನೂನಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ!

ಊರಿನ ಜಾಣರು ಸುಮ್ಮನಿರುತ್ತಾರೆಯೇ? ಹೊಲ ಮೈದುನನ ಹೆಸರಿಗೆ ಮಾಡು ಅಂದರು. ಹೀಗೆ ಬಿಟ್ಟಿ ಬರೆದುಕೊಟ್ಟದ್ದನ್ನು ಎರಡು ವರ್ಷದೊಳಗಿನದಾದರೆ ನ್ಯಾಯಾಲಯ ರದ್ದು ಮಾಡಬಹುದು ಎಂದು ವಕೀಲರು ತಿಳಿಸಿದರು. ಅಷ್ಟರಲ್ಲಿ ಅಂಗಡಿಯಲ್ಲಿ ಉಳಿದಿದ್ದ ಹನ್ನೊಂದು ಚೀಲ ಬೇಳೆ, ಸಕ್ಕರೆ ರಾತ್ರೋರಾತ್ರಿ ಮೈದುನನ ಮನೆ ಸೇರಿದ್ದವು. ಇದು ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಹೆಂಡತಿ. ಅವಳೇ ಬಂಡಿ ಹೂಡಿಸಿ ಚೀಲಗಳನ್ನು ತಿರುಗಿ ತರಿಸಿದಳು.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದ. ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ತಿರುಗಿ ಕಳಿಸಿದಳು. ಅವರ ಮನೆಯಲ್ಲಿ ಹಗೇವು ತುಂಬಿ ತುಳುಕುತ್ತಿರಲಿಲ್ಲ, ನೆನಪಿರಲಿ. ಇಲ್ಲದವರ ಮನೆಯ ಮಾತಿದು. ಶರಣರಿಗೆ ಬಡತನ ಎಂದೂ ಕಳಂಕವಾಗಿರಲಿಲ್ಲ. ಮುಚ್ಚಿಟ್ಟ ಹಿಡಿ ಅಕ್ಕಿ ಕಳಂಕವಾಗಿತ್ತು.

ಇನ್ನೊಂದು ಮಾತಿದೆ, ಅದು ಎಲ್ಲಕ್ಕಿಂತ ಕಷ್ಟದ್ದು. ಪತಸಂಸ್ಥೆಯ ಸಾಲಕ್ಕೆ ಅವನ ಬಾಲ್ಯದ ಗೆಳೆಯ, ಅದೇ ಊರಿನ ಒಕ್ಕಲಿಗ, ಜಾಮೀನು ನಿಂತಿದ್ದ. ಸಾಲಗಾರನಿಗೆ ಬಿಡುಗಡೆ ಸಿಕ್ಕರೂ ಜಾಮೀನುದಾರನಿಗೆ ಸಿಗುವುದಿಲ್ಲ. ಕಾನೂನು ಅದನ್ನು ಸ್ಪಷ್ಟವಾಗಿ ಬರೆದಿದೆ. ಇವನು ಪಾರಾದ ದಿನವೇ ಪತಸಂಸ್ಥೆಯವರು ಅವನ ಬಾಗಿಲಿಗೆ ಹೋಗುತ್ತಾರೆ. ಇದನ್ನು ಕೇಳಿ ನಮ್ಮ ಭಕ್ತ, “ಅಪ್ಪಾರ್ರೀ, ಕೋರ್ಟು ಬಿಟ್ರ ಲಿಂಗ ಬಿಡತದೇನ್ರೀ?” ಎಂದು ಕೇಳಿದ. ಹಿಂದಿನ ಸಲ ಕೇಳದೆಯೇ ಉತ್ತರ ಕೊಟ್ಟು ಕೆಟ್ಟಿದ್ದೆವು. ಈ ಸಲ ಇಷ್ಟೇ ಅಂದೆವು: “ಸಾವಕಾರನ ಲೆಕ್ಕ ಕೋರ್ಟಿಗೆ ಬಿಡು. ಗೆಳೆಯನ ಲೆಕ್ಕ ನಿನ್ನ ಕಾಯಕಕ್ಕೆ ಇರಲಿ. ಅರ್ಜಿ ಕೊಡುವ ಮುಂಚೆ ಅವನ ಮನೆಗೆ ಹೋಗು.”

ಕೊಡುವವರಿಗೂ ಒಂದು ಮಾತು. ಈ ಸಭೆಯಲ್ಲಿ ಬಡ್ಡಿಗೆ ಹಣ ಬಿಟ್ಟವರು ಇಲ್ಲವೇ ಇಲ್ಲ ಎಂದು ನಾವು ನಂಬುವುದಿಲ್ಲ. ದಾಮದುಪ್ಪಟ ಎಂಬುದು ನಮ್ಮ ಹಿರಿಯರಿಗೆ ಗೊತ್ತಿದ್ದ ನಿಯಮ, ಬಡ್ಡಿ ಅಸಲನ್ನು ಮೀರಬಾರದು. ಮಹಾರಾಷ್ಟ್ರದಲ್ಲಿ 2014ರ ಕಾನೂನಿನಂತೆ ಲೈಸನ್ಸ್ ಇಲ್ಲದೆ ಬಡ್ಡಿ ವ್ಯವಹಾರ ಮಾಡುವುದೇ ಅಪರಾಧ. ಹೊಲ ಬರೆಸಿಕೊಂಡಿದ್ದರೆ ಸಹಕಾರ ಖಾತೆಯ ಜಿಲ್ಲಾ ಉಪನಿಬಂಧಕರಿಗೆ ದೂರು ಕೊಡಬಹುದು. ಆ ಇಬ್ಬರು ಸಾವಕಾರರಲ್ಲಿ ಒಬ್ಬನು ಅಸಲಿನ ಎರಡು ಪಟ್ಟು ಎಂದೋ ಎಣಿಸಿಕೊಂಡಿದ್ದ. ಹಣೆಗೆ ವಿಭೂತಿ ದಪ್ಪಗೆ ಹಚ್ಚುವವನೇ. ವಕೀಲರು ಲೆಕ್ಕ ಕೇಳಿದ ಮೇಲೆ ಮತ್ತೆ ಬರಲಿಲ್ಲ.

ಅವನು ಗೆಳೆಯನ ಮನೆಗೆ ಹೋದ. ಗೆಳೆಯ ಮೊದಲು ಬಾಯಿಗೆ ಬಂದಂತೆ ಬೈದ. ಆಮೇಲೆ ತಂಬಿಗೆ ನೀರು ಕೊಟ್ಟ. ಈಗ ಇಬ್ಬರೂ ಕೂಡಿ ಪತಸಂಸ್ಥೆಯ ಕಂತು ಕಟ್ಟುತ್ತಾರೆ. ಇವನು ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ, ಪಗಾರದ ದಿನ ಮೊದಲು ಗೆಳೆಯನ ಮನೆಗೆ ಹೋಗಿ ನಂತರ ತನ್ನ ಮನೆಗೆ ಹೋಗುತ್ತಾನೆ. ಅರ್ಜಿ ಇನ್ನೂ ನಡೆದಿದೆ.

ಈ ಊರಿನಲ್ಲಿಯೂ ಅಂಥವರು ಇರಬಹುದು. ಖರ್ಚಿಗೆ ಹಣವಿಲ್ಲದವರಿಗೆ, ಹೆಣ್ಣುಮಕ್ಕಳಿಗೆ, ಜಿಲ್ಲಾ ಮತ್ತು ತಾಲೂಕು ನ್ಯಾಯಾಲಯಗಳಲ್ಲಿ ಉಚಿತ ಕಾನೂನು ನೆರವು ಇದೆ. ಅಲ್ಲಿಗೆ ಒಬ್ಬರೇ ಹೋಗಲು ನಾಚಿಕೆಯಾದರೆ ಮಠಕ್ಕೆ ಬನ್ನಿ, ಜೊತೆಗೆ ಒಬ್ಬರನ್ನು ಕಳಿಸುತ್ತೇವೆ. ರಾತ್ರಿಯಾದರೂ ಬನ್ನಿ. ಬಾಗಿಲಿಗೆ ಅಗಳಿ ಹಾಕುವುದಿಲ್ಲ.