ಸೀಮೋಲ್ಲಂಘನ

ಶರನ್ನವರಾತ್ರಿಯ ದೇವೀ ಆರಾಧನೆಯು ಮುಗಿದು ವಿಜಯದಶಮಿಯ ಸಾಯಂಕಾಲವಾಯಿತೆಂದರೆ ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಾವು ಮಾಡುವುದೇನು? ಮಂಡಯಿಯಿಂದ ಕೊಂಡುತಂದ ಎಲೆಗಳ ಕಟ್ಟನ್ನು ದೇವರ ಮುಂದೆ ಇರಿಸುತ್ತೇವೆ. ಹೊಸ ಬಟ್ಟೆಯನ್ನುಟ್ಟು ನೆರೆಹೊರೆಯ ನಾಲ್ಕು ಮನೆಗಳಿಗೆ ಹೋಗಿ, ಬನ್ನಿಯನ್ನು ಕೊಟ್ಟು, ಬಂಗಾರದಂತೆ ಬಾಳೋಣವೆಂದು ಹಾರೈಸಿ, ಹಿರಿಯರ ಕಾಲಿಗೆರಗಿ ಮರಳುತ್ತೇವೆ. ನಮ್ಮ ಮರಾಠಿ ಬಂಧುಗಳೂ ಅದನ್ನು 'ಸೋನೆ' ಎಂದು ಕರೆದು ನಮ್ಮ ಕೈಗೆ ನೀಡುತ್ತಾರೆ. ಮಧುರವಾದ ಆಚಾರವೇ ಸರಿ. ಆದರೆ ಈ ಆಚಾರದ ಹೆಸರು ಸೀಮೋಲ್ಲಂಘನ. ಊರಿನ ಗಡಿಯನ್ನು ದಾಟಿ ಹೋಗುವುದೆಂದು ಅದರ ಅರ್ಥ. ನಾವು ದಾಟುವುದಾದರೋ ಎರಡು ಮಹಡಿಗಳ ಮೆಟ್ಟಿಲುಗಳನ್ನು ಮಾತ್ರ.

ಪಂಢರಪುರದ ಕಾಶೀನಾಥ ಉಪಾಧ್ಯಾಯರು 18ನೆಯ ಶತಮಾನದ ಕೊನೆಯಲ್ಲಿ ರಚಿಸಿದ 'ಧರ್ಮಸಿಂಧು'ವು ಈ ದಿನಕ್ಕೆ ನಾಲ್ಕು ಕರ್ಮಗಳನ್ನು ವಿಧಿಸಿದೆ: ಅಪರಾಜಿತಾ ಪೂಜೆ, ಸೀಮೋಲ್ಲಂಘನ, ಶಮೀಪೂಜೆ ಮತ್ತು ದೇಶಾಂತರ ಯಾತ್ರೆಗೆ ಹೊರಡುವುದು. ಅಪರಾಹ್ಣದಲ್ಲಿ ಊರಿನ ಈಶಾನ್ಯ ದಿಕ್ಕಿಗೆ ಹೋಗಿ, ಶುದ್ಧವಾದ ನೆಲದಲ್ಲಿ ದೇವಿಯನ್ನು ಅಪರಾಜಿತೆಯೆಂದು ಪೂಜಿಸಿ, ಗಡಿಯನ್ನು ದಾಟಿ, ಶಮೀವೃಕ್ಷಕ್ಕೆ ನಮಿಸಿ, ಅದರ ಬುಡದ ಹಸಿಮಣ್ಣನ್ನು ಅಕ್ಷತೆಯೊಡನೆ ತೆಗೆದುಕೊಂಡು ಗೀತವಾದ್ಯಗಳೊಡನೆ ಮರಳಬೇಕೆಂಬುದು ಶಾಸ್ತ್ರದ ಮಾತು. ಗಮನಿಸಿರಿ, ಮನೆಗೆ ತರಲು ಹೇಳಿರುವುದು ಮಣ್ಣನ್ನು. ಎಲೆಯು ಬಂಗಾರವಾದುದು ರಘು ಮತ್ತು ಕೌತ್ಸರ ಕಥೆಯಿಂದ. ಗುರುವಾದ ವರತಂತುವಿಗೆ ಕೌತ್ಸನು ಸಲ್ಲಿಸಬೇಕಾಗಿದ್ದ 14 ಕೋಟಿ ಹೊನ್ನಿಗಾಗಿ ಕುಬೇರನು ಚಿನ್ನದ ಮಳೆಗರೆದನಷ್ಟೆ. ಕಾಳಿದಾಸನು 'ರಘುವಂಶ'ದ 5ನೆಯ ಸರ್ಗದಲ್ಲಿ ಆ ಹೊನ್ನು ಬಿದ್ದುದು ಅರಸನ ಭಂಡಾರದಲ್ಲಿ ಎನ್ನುತ್ತಾನೆ. ಮರದ ಮೇಲೆ ಸುರಿಯಿತೆಂಬುದು ಜನಪದರು ಸೇರಿಸಿದ ಸೊಬಗು. ಆ ಸೊಬಗಿನ ಬೆಲೆಯನ್ನು ಈಗ ಮರವೇ ತೆರುತ್ತಿದೆ. ಕೊಂಬೆಕೊಂಬೆಗಳನ್ನು ಮುರಿದು ತಂದು ಪೇಟೆಯಲ್ಲಿ ರಾಶಿ ಹಾಕುತ್ತಾರೆ. ಅದೂ ಸಾಲದಾದಾಗ ಕಾಂಚನದ ಎಲೆಯನ್ನೇ ಆಪಟೆಯೆಂದು ಮಾರುವುದುಂಟು. ಖೋಟಾ ನಾಣ್ಯವನ್ನು ಬೆಳಕಿಗೆ ಹಿಡಿದು ನೋಡುವ ನಾವು ಈ ಖೋಟಾ ಬಂಗಾರವನ್ನು ಮಾತ್ರ ನೋಡದೆ ಕೊಳ್ಳುತ್ತೇವೆ.

ಈ ವಿಷಯವನ್ನು ನಾನು ಗ್ರಂಥದಿಂದ ಕಲಿತವನಲ್ಲ. ನಮ್ಮ ತಂದೆಯವರು ಧಾರವಾಡ ಜಿಲ್ಲೆಯ ಹಳ್ಳಿಯೊಂದರಲ್ಲಿ ಎಪ್ಪತ್ತು ವರ್ಷ ಬಾಳಿ, ನಮ್ಮ ತಾಯಿ ತೀರಿಕೊಂಡ ಮೇಲೆ ಪುಣೆಗೆ ಬಂದರು. ಇಲ್ಲಿಯ ಮೊದಲ ದಸರೆಯ ದಿನ ಮಧ್ಯಾಹ್ನ ಮೂರು ಗಂಟೆಗೇ ಧೋತರವನ್ನುಟ್ಟು, ರುಮಾಲು ಸುತ್ತಿ, ನೀರು ತುಂಬಿದ ತಂಬಿಗೆಯನ್ನು ಹಿಡಿದು ಬಾಗಿಲಲ್ಲಿ ನಿಂತರು. "ಈ ಊರಿನ ಸೀಮಿ ಯಾವ ಕಡೆ ಅದನೋ?" ಎಂದು ಕೇಳಿದರು. ನಾನು ನಕ್ಕು, ಈ ಊರಿಗೆ ಸೀಮೆಯೆಂಬುದು ನಿಂತಲ್ಲಿ ನಿಲ್ಲುವುದಿಲ್ಲ, ಕಾರ್ಪೊರೇಶನ್ನಿನವರು ಅದನ್ನು ಮುಂದುಮುಂದಕ್ಕೆ ಸರಿಸುತ್ತಿರುತ್ತಾರೆ ಎಂದೆ. ಎಲೆಯನ್ನು ತಂದಾಗಿದೆಯೆಂದು ತೋರಿಸಿದೆ. ಅವರು ಅದನ್ನು ಮುಟ್ಟಲಿಲ್ಲ. "ಊರಾಗಿನ ಎಲಿ ಊರಾಗ ಹಂಚಿದ್ರ ಸೀಮೋಲ್ಲಂಘನ ಹ್ಯಾಂಗ ಆತೋ ತಮ್ಮಾ?" ಎಂದರು. "ಮುಂದಿನ ವರ್ಷ ಇಬ್ಬರೂ ನಡಕೋತ ಹೋಗೋಣಪ್ಪಾ" ಎಂದು ಮಾತು ಕೊಟ್ಟೆ.

ಮುಂದಿನ ವರ್ಷ ಬಂದಿತು. ಸೆಪ್ಟೆಂಬರ್ 30ರ ಅರ್ಧವಾರ್ಷಿಕ ಲೆಕ್ಕವನ್ನು ಮುಗಿಸಿ ನಾನು ದಣಿದಿದ್ದೆ. ಅದರ ಮುಂದಿನ ವರ್ಷ ಮಕ್ಕಳ ಪರೀಕ್ಷೆ. ಮೂರನೆಯ ವರ್ಷ ತಂದೆಯವರ ಮೊಳಕಾಲುಗಳು ನಡೆಯುವಂತಿರಲಿಲ್ಲ. ಅವರು ಕೇಳಲೂ ಇಲ್ಲ. ನಾಲ್ಕನೆಯ ದಸರೆಗೆ ಅವರೇ ಇರಲಿಲ್ಲ.

ನಡೆಯುವುದಕ್ಕೆ ಶರದೃತುವನ್ನೇ ಹಿರಿಯರು ಏಕೆ ಆರಿಸಿದರೆಂಬುದನ್ನು ವಿಚಾರಿಸಬೇಕು. ಮಳೆಗಾಲದಲ್ಲಿ ಯತಿಗಳು ಸಂಚಾರವನ್ನು ನಿಲ್ಲಿಸಿ ಒಂದೆಡೆ ಚಾತುರ್ಮಾಸ್ಯ ವ್ರತವನ್ನು ಹಿಡಿಯುತ್ತಾರೆ. ದಾರಿಯಲ್ಲೆಲ್ಲ ಹುಳುಹುಪ್ಪಟೆಗಳು ಹುಟ್ಟಿ ಹರಿದಾಡುವ ಕಾಲದಲ್ಲಿ ತಮ್ಮ ಪಾದದಿಂದ ಅವುಗಳಿಗೆ ಹಿಂಸೆಯಾಗಬಾರದೆಂಬುದು ಅದರ ಒಂದು ಕಾರಣ. ಪಕ್ಷವನ್ನೇ ಮಾಸವೆಂದು ಎಣಿಸಿ ಎರಡು ತಿಂಗಳಲ್ಲಿ ವ್ರತವನ್ನು ಪೂರೈಸುವ ಸಂಪ್ರದಾಯದವರು ಭಾದ್ರಪದದ ಹುಣ್ಣಿಮೆಯಂದು ಊರಿನ ಗಡಿಯನ್ನು ದಾಟಿ ಬರುತ್ತಾರೆ. ಅದಕ್ಕೂ ಸೀಮೋಲ್ಲಂಘನವೆಂದೇ ಹೆಸರು. ಸಂನ್ಯಾಸಿಗಳಿಗೆ ಹೀಗಾದರೆ ಕ್ಷತ್ರಿಯರಿಗೂ ಹಾಗೆಯೇ. 'ರಘುವಂಶ'ದ 4ನೆಯ ಸರ್ಗದಲ್ಲಿ ರಘುವು ದಿಗ್ವಿಜಯಕ್ಕೆ ಹೊರಟಾಗ, ಅವನ ಶಕ್ತಿಗಿಂತ ಮೊದಲು ಶರತ್ಕಾಲವೇ ಅವನನ್ನು ಪ್ರೇರೇಪಿಸಿತೆಂದು ಕವಿಯು ವರ್ಣಿಸಿದ್ದಾನೆ. ನದಿಗಳು ಇಳಿದು ಕಾಲ್ನಡಿಗೆಗೆ ದಾಟುವಂತಾದವು, ದಾರಿಗಳ ಕೆಸರು ಆರಿತು. ಅಸ್ತ್ರವನ್ನು ಹಿಡಿದವನಿಗೂ ದಂಡವನ್ನು ಹಿಡಿದವನಿಗೂ ಒಂದೇ ದಾರಿ ಒಂದೇ ಕಾಲಕ್ಕೆ ತೆರೆಯುತ್ತದೆ.

ಪುಣೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಶ್ವಯುಜದಲ್ಲಿ ಸಿಂಹಗಡದ ಇಳಿಜಾರಿನ ಹುಲ್ಲು ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುವುದನ್ನೂ, ಆತಕರವಾಡಿಯ ಕಾಲುದಾರಿಯ ಜಾರು ಆರಿ ಭಾನುವಾರ ಬೆಳಗಿನಲ್ಲಿ ಮುದುಕರು ಮಕ್ಕಳೆನ್ನದೆ ಏರುವುದನ್ನೂ ಎಲ್ಲರೂ ಕಂಡಿದ್ದೇವೆ. ಗಡದ ಮೇಲಿನ ಪಿಠಲ ಭಾಕರಿಗಾಗಿಯೇ ಅವರು ಏರುತ್ತಾರೆಂದು ಕೆಲವರು ಹಾಸ್ಯ ಮಾಡುವರು. ಮಾಡಲಿ, ಏರುತ್ತಾರಲ್ಲ!

ಶರತ್ಕಾಲವು ಬಂದರೂ ಹೊರಡದೆ ಕುಳಿತವನೊಬ್ಬನ ಕಥೆಯು ನಮ್ಮ ಕನ್ನಡ ನಾಡಿನಲ್ಲಿಯೇ ನಡೆಯಿತು. ವಾಲಿವಧೆಯ ತರುವಾಯ ಸುಗ್ರೀವನಿಗೆ ಕಿಷ್ಕಿಂಧೆಯ ರಾಜ್ಯವೂ, ಅಗಲಿದ್ದ ಹೆಂಡತಿಯೂ ದೊರೆತರು. ಮಳೆಗಾಲ ಕಳೆದೊಡನೆ ಸೀತೆಯನ್ನು ಹುಡುಕಿಸುವೆನೆಂಬ ಮಾತು ಇತ್ತು. ರಾಮನು ನಾಲ್ಕು ತಿಂಗಳು ಬೆಟ್ಟದ ಗುಹೆಯಲ್ಲಿ ಮಳೆಯನ್ನು ನೋಡುತ್ತ ಕುಳಿತನು. ಹಂಪೆಯ ಬಳಿಯ ಮಾಲ್ಯವಂತವೇ ಆ ಬೆಟ್ಟವೆಂದು ಅಲ್ಲಿಯ ಜನರು ಇಂದಿಗೂ ತೋರಿಸುತ್ತಾರೆ. ಮೋಡಗಳು ಚದುರಿದವು, ಆಕಾಶವು ತಿಳಿಯಾಯಿತು, ಹಂಸಗಳು ಮರಳಿದವು. ಸುಗ್ರೀವನು ಮಾತ್ರ ಬರಲಿಲ್ಲ.

ಇಲ್ಲಿ ವಾಲ್ಮೀಕಿಗಳ ಸೂಕ್ಷ್ಮತೆಯನ್ನು ನೋಡಬೇಕು. ಸುಗ್ರೀವನು ಕೃತಘ್ನನಾದ ದುಷ್ಟನಲ್ಲ. ಹನುಮಂತನು ಬಂದು ಕಾಲವು ಮೀರುತ್ತಿದೆಯೆಂದು ನೆನಪಿಸಿದಾಗ ಅವನು ಕೋಪಗೊಳ್ಳಲಿಲ್ಲ, ಇಲ್ಲವೆನ್ನಲಿಲ್ಲ. ನೀಲನನ್ನು ಕರೆದು ಹದಿನೈದು ದಿನಗಳೊಳಗಾಗಿ ಸೇನೆಯು ಸೇರಬೇಕೆಂದು ಆಜ್ಞೆ ಮಾಡಿದನು. ಮಾಡಿ, ಪುನಃ ಅಂತಃಪುರಕ್ಕೆ ಹೋದನು. ನಮ್ಮ ಕಚೇರಿಗಳ ಭಾಷೆಯಲ್ಲಿ ಹೇಳುವುದಾದರೆ ಸರ್ಕ್ಯುಲರ್ ಹೊರಟಿತು, ಸಾಹೇಬರು ಹೊರಡಲಿಲ್ಲ. ಕೊನೆಗೆ ಲಕ್ಷ್ಮಣನು ಬಿಲ್ಲಿನ ಹೆದೆಯನ್ನು ಮಿಡಿಯುತ್ತ ಬಾಗಿಲಿಗೆ ಬಂದಾಗ, ತಾರೆಯು ಮುಂದೆ ಬಂದು ಸಮಾಧಾನದ ಮಾತನ್ನಾಡಿ, ಬಹುಕಾಲ ದುಃಖಪಟ್ಟವನು ಸುಖದಲ್ಲಿ ಕಾಲವನ್ನು ಮರೆತನೆಂದು ವಿನಂತಿಸಿದಳು. ಎಂತಹ ನಿಜವಾದ ಮಾತು! ಸುಗ್ರೀವನು ಊರು ಬಿಟ್ಟು ಅಲೆದವನು, ಋಷ್ಯಮೂಕದಲ್ಲಿ ಅಂಜಿ ಬಾಳಿದವನು. ಅಂತಹವನಿಗೆ ಮನೆ ದೊರೆತ ಮೇಲೆ ಮನೆಯೇ ಸೀಮೆಯಾಯಿತು. ಊರು ಬಿಟ್ಟು ಬಂದು, ಬಾಡಿಗೆಯ ಕೋಣೆಗಳಲ್ಲಿ ವರ್ಷಗಳನ್ನು ಕಳೆದು, ಸಾಲ ಮಾಡಿ ಎರಡು ಕೋಣೆಗಳನ್ನು ಕೊಂಡ ನಮಗೆ ಅವನ ಮರೆವು ಅರ್ಥವಾಗದೆ ಹೋದೀತೆ? ವ್ಯತ್ಯಾಸವಿಷ್ಟೆ: ಅವನ ಬಾಗಿಲಿಗೆ ಲಕ್ಷ್ಮಣನು ಬಂದನು, ಮಾತು ಉಳಿಯಿತು. ನಮ್ಮ ಬಾಗಿಲಲ್ಲಿ ತಂಬಿಗೆಯನ್ನು ಹಿಡಿದು ನಿಂತವರು ಬಿಲ್ಲನ್ನು ಮಿಡಿಯುವವರಲ್ಲ. ಸುಮ್ಮನೆ ಒಳಗೆ ಹೋಗಿ ಕುಳಿತುಬಿಡುತ್ತಾರೆ.

ಹಾಗಾದರೆ ನಡೆಯುವುದೇ ಪುಣ್ಯವೇ ಎಂದು ಆಸ್ತಿಕ ಮಹಾಶಯರು ಕೇಳಬಹುದು. ಮನಸ್ಸು ಶುದ್ಧವಾಗದ ತೀರ್ಥಯಾತ್ರೆಯನ್ನು ನಮ್ಮ ದಾಸರೂ ಶರಣರೂ ಸಾಕಷ್ಟು ಖಂಡಿಸಿರುವರು. ಆ ಮಾತು ದಿಟ. ಆದರೆ ಖಂಡಿಸಿದವರು ಮನೆಯಲ್ಲಿ ಕುಳಿತು ಖಂಡಿಸಲಿಲ್ಲವೆಂಬುದನ್ನೂ ಮರೆಯಬಾರದು. ಶರಣರು ನಿಂತ ಗುಡಿಗಿಂತ ನಡೆಯುವ ಜಂಗಮವನ್ನು ಹಿರಿದೆಂದರು. ದಾಸರು ಕಾಲಿಗೆ ಗೆಜ್ಜೆಯನ್ನು ಕಟ್ಟಿ ತಂಬೂರಿಯನ್ನು ಹಿಡಿದು ಮನೆಮನೆಯ ಮುಂದೆ ಮಧುಕರ ವೃತ್ತಿಯಿಂದ ಬಾಳಿದರು. ಪುರಂದರದಾಸರ (1484–1564) ಜನ್ಮಸ್ಥಳವು ನಮ್ಮ ಸಾಸವಡದ ಬಳಿಯ ಪುರಂದರಗಡವೆಂದು ಒಂದು ಪರಂಪರೆಯಿದೆ. ಅಲ್ಲ, ತೀರ್ಥಹಳ್ಳಿಯ ಸೀಮೆಯ ಕ್ಷೇಮಪುರವೆಂದು ಇನ್ನೊಂದು ಪಕ್ಷದವರ ವಾದ. ಆ ವಾದದಲ್ಲಿ ಪುಣೆಯವರಾದ ನಾವು ಯಾವ ಕಡೆಗೆ ವಾಲುತ್ತೇವೆಂಬುದನ್ನು ಹೇಳಬೇಕಾಗಿಲ್ಲ. ಎಲ್ಲಿಯೇ ಹುಟ್ಟಿರಲಿ, ನವಕೋಟಿ ನಾರಾಯಣನೆನಿಸಿದ ಆ ಚಿನಿವಾರನು ಚಿನ್ನವನ್ನೆಲ್ಲ ದಾನ ಮಾಡಿ ಹೆಂಡತಿ ಮಕ್ಕಳೊಡನೆ ವಿಜಯನಗರದ ಕಡೆಗೆ ಹೊರಟನೆಂಬುದರಲ್ಲಿ ಪರಂಪರೆಗೆ ಎರಡು ಮಾತಿಲ್ಲ. ಎಲೆಯನ್ನು ಚಿನ್ನವೆಂದು ಹಂಚುವ ನಾವು, ಚಿನ್ನವನ್ನು ಎಲೆಯೆಂದು ಬಗೆದು ಗಡಿ ದಾಟಿದವನ ಪದಗಳನ್ನು ಅದೇ ಸಂಜೆ ಹಾಡುತ್ತೇವೆ.

ತಂದೆಯವರು ಹೋದ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಕಾರ್ತಿಕ ಬಹುಳ ಏಕಾದಶಿಯ ಆಳಂದಿ ಯಾತ್ರೆಗೆ ಪ್ರತಿವರ್ಷವೂ ನಡೆದು ಹೋಗುವ ಮರಾಠಿ ಸಹೋದ್ಯೋಗಿಯೊಬ್ಬರ ಜೊತೆಗೆ ನಾನೂ ಹೊರಟೆ. ಜ್ಞಾನೇಶ್ವರ ಮಹಾರಾಜರು 1296ರಲ್ಲಿ ಸಮಾಧಿಸ್ಥರಾದುದು ಅದೇ ಪಕ್ಷದ ತ್ರಯೋದಶಿಯಂದು. ಶಿವಾಜಿನಗರದಿಂದ ಆಳಂದಿಗೆ ಸುಮಾರು 20 ಕಿ.ಮೀ.; ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿದ ದಾರಿ. ಈಶಾನ್ಯವೆಂದರೆ ಹೆಚ್ಚು ತಪ್ಪಾಗಲಾರದು.

ಬೆಳಗಿನ ನಾಲ್ಕು ಗಂಟೆಗೆ ಹೊರಟೆವು. ವಿಶ್ರಾಂತವಾಡಿಯವರೆಗೆ ನಾನು ಗಡಿಯಾರವನ್ನು ನೋಡುತ್ತಲೇ ನಡೆದೆ. ದಿಘಿಯನ್ನು ದಾಟುವ ಹೊತ್ತಿಗೆ ಬೆಳಕು ಹರಿಯಿತು. ಚಳಿಯಿತ್ತು, ರಸ್ತೆಯ ಅಂಚಿನ ಹುಲ್ಲಿನಲ್ಲಿ ಇಬ್ಬನಿ. ಹಿಂದೆ ಮುಂದೆ ತಾಳ ಹಿಡಿದವರ ಸಣ್ಣಸಣ್ಣ ಗುಂಪುಗಳು. ಅಲ್ಲೊಂದು ಚಹಾದ ಅಂಗಡಿಯ ಮುಂದೆ ನಾನು ಕಾಲು ನೋವಿನಿಂದ ಕುಳಿತಾಗ, ನಮ್ಮ ತಂದೆಯವರ ವಯಸ್ಸಿನ ವಾರಕರಿಯೊಬ್ಬರು ಬಂದು "ಮಾವುಲಿ" ಎನ್ನುತ್ತ ಬಾಗಿ ನನ್ನ ಪಾದಗಳನ್ನು ಮುಟ್ಟಿದರು. ವಾರಕರಿಗಳು ಜಾತಿ ವಯಸ್ಸುಗಳನ್ನು ನೋಡದೆ ಒಬ್ಬರ ಕಾಲನ್ನೊಬ್ಬರು ಮುಟ್ಟುವ ಪದ್ಧತಿಯನ್ನು ಕೇಳಿ ಬಲ್ಲೆ; ಆದರೆ ಮೂರು ವರ್ಷ ತಂದೆಯ ಮಾತನ್ನು ನಡೆಸದಿದ್ದ ನನ್ನ ಕಾಲುಗಳನ್ನು ಆ ಮುದುಕರು ಮುಟ್ಟಿದಾಗ ನಾನು ಗಾಬರಿಯಿಂದ ಎದ್ದು ಹಿಂದೆ ಸರಿದೆ. ಅವರು ನಕ್ಕರು. ನಾನೂ ಅವರ ಪಾದಗಳಿಗೆ ಎರಗಿದೆ. ಕೆಸರು ಒಣಗಿ ಬಿರಿದ ಪಾದಗಳು. ನನ್ನ ಮರಾಠಿಯ ಉಚ್ಚಾರವನ್ನು ಕೇಳಿ ಯಾವ ಊರಿನವರೆಂದು ವಿಚಾರಿಸಿದರು. ಧಾರವಾಡದ ಕಡೆಯವನೆಂದಾಗ, "ಹಾಗಾದರೆ ನೀವು ನಮ್ಮ ವಿಠೋಬನ ತವರಿನವರು" ಎಂದು ಕೈಮುಗಿದರು. ಜ್ಞಾನೇಶ್ವರರ ಅಭಂಗವೊಂದು ಪಾಂಡುರಂಗನನ್ನು ಕಾನಡಾ ಎಂದು, ಕರ್ನಾಟಕದವನೆಂದು ಕರೆದಿರುವುದನ್ನು ನಮ್ಮ ಸಭೆಗಳಲ್ಲಿ ಅಭಿಮಾನದಿಂದ ಎಷ್ಟೋ ಸಲ ಕೇಳಿದ್ದೆ. ಆ ದೇವರು ನಮ್ಮವನೆಂದು ವಾದಿಸುವುದಕ್ಕಾಗಿ ಕೇಳಿದ್ದೆನೇ ಹೊರತು, ಅವನ ಹಾದಿಯಲ್ಲಿ ಇನ್ನೊಬ್ಬರು ನನ್ನನ್ನು ತಮ್ಮವನೆನ್ನುವರೆಂದು ಎಣಿಸಿರಲಿಲ್ಲ.

ಇಂದ್ರಾಯಣಿಯ ಸೋಪಾನದಲ್ಲಿ ಕಾಲಿಟ್ಟಾಗ ಹಗಲು ಏರಿತ್ತು. ದರ್ಶನದ ಸಾಲು ಬಹಳ ದೂರದವರೆಗೆ ಬೆಳೆದಿತ್ತು. ಸಹೋದ್ಯೋಗಿಗಳು ಸಾಲಿನಲ್ಲಿ ನಿಂತರು. ನಾನು ಇತರ ಅನೇಕರಂತೆ ಶಿಖರಕ್ಕೆ ಕೈಮುಗಿದು ದಡದಲ್ಲಿ ಕುಳಿತೆ. ಮನಸ್ಸು ಹಗುರವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಜೊತೆಗೆ ಬರಬೇಕಾಗಿದ್ದವರು ಇರಲಿಲ್ಲ, ಅಷ್ಟೆ. ಹದಿನೈದು ದಿನ ಕಾಲು ನೋಯಿತು.

ಅಂದಿನಿಂದ ವಿಜಯದಶಮಿಯ ದಿನ ನಾನು ಎಲೆಯನ್ನು ಕೊಳ್ಳುವುದಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಅದೇ ದಾರಿಯಲ್ಲಿ ನಡೆದು, ಮನೆಗಳು ವಿರಳವಾಗಿ ಹೊಲದ ಬದು ಕಾಣಿಸುವಲ್ಲಿಯವರೆಗೆ ಹೋಗುತ್ತೇನೆ. ಆ ಬದು ವರ್ಷದಿಂದ ವರ್ಷಕ್ಕೆ ದೂರ ಸರಿಯುತ್ತಿರುವುದರಿಂದ ನನ್ನ ಯಾತ್ರೆಯೂ ಬೆಳೆಯುತ್ತಿದೆ. ಅಲ್ಲಿ ಒಂದು ಮರವಿದೆ. ಬನ್ನಿಯಲ್ಲ, ಆಪಟೆ, ಚಿಂತೆಯಿಲ್ಲ. ಅದರ ಬುಡಕ್ಕೆ ನೀರೆರೆದು, ಒಂದು ಹಿಡಿ ಮಣ್ಣನ್ನು ಅಕ್ಷತೆಯೊಡನೆ ತಂದು ತುಳಸಿಯ ಕುಂಡದಲ್ಲಿ ಹಾಕುತ್ತೇನೆ. ಮೊದಲೆರಡು ವರ್ಷ ಒಬ್ಬನೇ ಹೋದೆ. ಈಗ ಕಿರಿಯ ಮಗನೂ, ನಮ್ಮ ಬಳಗದ ಇಬ್ಬರೂ ಬರುತ್ತಾರೆ.

ಈ ಸಂಚಿಕೆಯನ್ನು ಓದುವ ಬಂಧುಗಳು ಬರಬಯಸಿದರೆ ವಿಜಯದಶಮಿಯಂದು ಮಧ್ಯಾಹ್ನ ಎರಡೂವರೆಗೆ ವಿಶ್ರಾಂತವಾಡಿಯ ಚೌಕದಲ್ಲಿ ನಿಂತಿರುತ್ತೇವೆ. ಗಟ್ಟಿಯಾದ ಚಪ್ಪಲಿ, ಒಂದು ತಂಬಿಗೆ ನೀರು, ನಾಲ್ಕು ಕಾಳು ಅಕ್ಷತೆ ಸಾಕು. ಕೊಂಬೆಯನ್ನು ಮುರಿಯುವಂತಿಲ್ಲ. ಮನೆಯಲ್ಲಿ ಮೊಳಕಾಲು ನೋವಿನ ಹಿರಿಯರಿದ್ದರೆ ಅವರನ್ನು ಬಿಟ್ಟು ಬರಬೇಡಿರಿ. ಮರದ ಸಮೀಪದವರೆಗೆ ರಿಕ್ಷಾದಲ್ಲಾದರೂ ಕರೆತನ್ನಿರಿ. ಕೊನೆಯ ನೂರು ಹೆಜ್ಜೆಗಳನ್ನು ನಮ್ಮ ಭುಜವನ್ನು ಹಿಡಿದು ನಡೆಯುವರು. ಬೇಗ ಮುಗಿಸುವ ಅವಸರ ನಮಗಿಲ್ಲ.