ಪ್ರಾಮಾಣ್ಯವಿಲ್ಲದ ಬೋಧನೆ: ಜೆ. ಕೃಷ್ಣಮೂರ್ತಿ ಮತ್ತು ನಾಳಿನ ಶಿಕ್ಷಕರು

ಒಬ್ಬರ ಅರಿವು ಇನ್ನೊಬ್ಬರಿಗೆ ದಾಟಬಲ್ಲದೇ, ದಾಟುವುದಾದರೆ ಯಾವ ಬಲದಿಂದ ದಾಟುತ್ತದೆ ಎಂಬ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಬಹಳ ಹಳೆಯದು. ನ್ಯಾಯದರ್ಶನವು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದು, ಅಂದರೆ ಸರಿಯಾದ ತಿಳಿವಳಿಕೆಯ ಸಾಧನವೆಂದು ಒಪ್ಪಿತು. ಆದರೆ ಎಲ್ಲರ ಮಾತಿಗೂ ಆ ಸ್ಥಾನ ಕೊಡದೆ, ವಿಷಯವನ್ನು ಬಲ್ಲವನೂ ಅದನ್ನು ಇದ್ದಂತೆ ಹೇಳುವ ಮನಸ್ಸುಳ್ಳವನೂ ಆದ ‘ಆಪ್ತ’ನ ಮಾತಿಗೆ ಮಾತ್ರ ಕೊಟ್ಟಿತು. ಮುಂಡಕೋಪನಿಷತ್ತಿನ ಪ್ರಕಾರ ಗುರುವಾದವನು ಶ್ರೋತ್ರಿಯನಾಗಿರಬೇಕು, ಎಂದರೆ ಪರಂಪರೆಯಿಂದ ಬಂದ ವಿದ್ಯೆಯನ್ನು ಕೇಳಿ ಅರಗಿಸಿಕೊಂಡಿರಬೇಕು; ಬ್ರಹ್ಮನಿಷ್ಠನೂ ಆಗಿರಬೇಕು, ಎಂದರೆ ತಾನು ಹೇಳುವ ಸತ್ಯದಲ್ಲಿ ತಾನೇ ನೆಲೆನಿಂತಿರಬೇಕು. ಎರಡೂ ಕಡೆ ಶಿಷ್ಯನ ನಂಬಿಕೆಗೆ ಆಧಾರ ಗುರುವಿನ ಯೋಗ್ಯತೆಯೇ. ಇಪ್ಪತ್ತನೆಯ ಶತಮಾನದಲ್ಲಿ ಈ ಆಧಾರವನ್ನೇ ಪ್ರಶ್ನಿಸಿದವರು ಜಿಡ್ಡು ಕೃಷ್ಣಮೂರ್ತಿ. ಸತ್ಯದ ವಿಷಯದಲ್ಲಿ ಗುರುವಿನ ಯೋಗ್ಯತೆ ಎಷ್ಟೇ ದೊಡ್ಡದಿದ್ದರೂ ಅದು ಕೇಳುವವನ ಕಣ್ಣಿಗೆ ಬದಲಿಯಾಗಲಾರದು, ಬದಲಾಗಿ ಆ ಕಣ್ಣನ್ನು ಮಂಕಾಗಿಸಬಹುದು ಎಂಬುದು ಅವರ ನಿಲುವು.

ಈ ನಿಲುವಿಗೆ ತೂಕ ಬಂದದ್ದು ಅವರು ಬಿಟ್ಟುಕೊಟ್ಟದ್ದರಿಂದ. 1895ರಲ್ಲಿ ಮದನಪಲ್ಲಿಯಲ್ಲಿ ಹುಟ್ಟಿದ ಕೃಷ್ಣಮೂರ್ತಿಯವರನ್ನು 1909ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಥಿಯಾಸಫಿಕಲ್ ಸೊಸೈಟಿಯ ಲೆಡ್‌ಬೀಟರ್ ಗುರುತಿಸಿದರು; ಆನಿ ಬೆಸೆಂಟ್ ಅವರ ಆಶ್ರಯದಲ್ಲಿ ಆ ಬಾಲಕನನ್ನು ಬರಲಿರುವ ಜಗದ್ಗುರುವಿನ ವಾಹಕನೆಂದು ಬೆಳೆಸಲಾಯಿತು, ಅದಕ್ಕಾಗಿ 1911ರಲ್ಲಿ ‘ಆರ್ಡರ್ ಆಫ್ ದಿ ಸ್ಟಾರ್ ಇನ್ ದಿ ಈಸ್ಟ್’ ಎಂಬ ಸಂಘವೂ ಹುಟ್ಟಿಕೊಂಡಿತು. 1929ರ ಆಗಸ್ಟ್ 3ರಂದು ಹಾಲೆಂಡಿನ ಓಮೆನ್‌ನಲ್ಲಿ ಸೇರಿದ್ದ ಅನುಯಾಯಿಗಳೆದುರಿಗೆ, ಸತ್ಯವನ್ನು ಯಾವ ಸಂಘಟನೆಯ ಮೂಲಕವೂ ತಲುಪಲಾಗದೆಂದು ಹೇಳಿ, ತಾವೇ ಮುಖ್ಯಸ್ಥರಾಗಿದ್ದ ಆ ಸಂಘವನ್ನು ಅವರು ವಿಸರ್ಜಿಸಿದರು. ಅಲ್ಲಿಂದ 1986ರಲ್ಲಿ ತೀರಿಕೊಳ್ಳುವವರೆಗೆ, ಐದು ದಶಕಗಳಿಗೂ ಮೀರಿ, ಅವರು ದೇಶದೇಶಗಳಲ್ಲಿ ಮಾತನಾಡುತ್ತಲೇ ಇದ್ದರು. ಪೀಠವನ್ನು ತೊರೆದವರ ಮಾತಿಗೆ ಜನ ಇನ್ನಷ್ಟು ಆತುರದಿಂದ ಸೇರಿದರು. ಗುರು ಬೇಡವೆನ್ನುವವರನ್ನೇ ಗುರುವಾಗಿಸಿಕೊಳ್ಳುವ ಈ ಸೆಳೆತ ಕೇಳುಗರ ದೌರ್ಬಲ್ಯ ಮಾತ್ರವಲ್ಲ. ತರಗತಿಯ ಮುಂದೆ ನಿಲ್ಲುವ ಪ್ರತಿಯೊಬ್ಬರಿಗೂ ಎದುರಾಗುವ ತೊಡಕು ಇದು, ಏಕೆಂದರೆ ಚೆನ್ನಾಗಿ ಮಾತನಾಡುವ ಶಿಕ್ಷಕರ ಸುತ್ತ ಒಪ್ಪಿಗೆ ತಾನಾಗಿಯೇ ಕಟ್ಟಿಕೊಳ್ಳುತ್ತದೆ.

ಅವರು ಟಿಪ್ಪಣಿಯಿಲ್ಲದೆ ಮಾತನಾಡುತ್ತಿದ್ದರು. ತಮ್ಮ ಮಾತನ್ನು ಒಪ್ಪಲೂ ಬೇಡಿ, ತಳ್ಳಿಹಾಕಲೂ ಬೇಡಿ, ಜೊತೆಯಲ್ಲಿ ಪರೀಕ್ಷಿಸಿರಿ ಎಂದು ಸಭಿಕರಿಗೆ ಮತ್ತೆಮತ್ತೆ ಹೇಳುತ್ತಿದ್ದರು. ಪ್ರಶ್ನೆ ಕೇಳಿದವರಿಗೆ ಸಿದ್ಧ ಉತ್ತರ ಕೊಡುವ ಬದಲು ಆ ಪ್ರಶ್ನೆ ಯಾವ ಭಯದಿಂದ, ಯಾವ ಆಸೆಯಿಂದ ಹುಟ್ಟಿತೆಂಬುದರ ಕಡೆಗೆ ಅವರನ್ನು ತಿರುಗಿಸುತ್ತಿದ್ದರು. ಭಾಷಣದಿಂದ ಸಿಗುವ ಸ್ಫೂರ್ತಿಯ ಬಗ್ಗೆ ಅವರಿಗೆ ಆಳವಾದ ಸಂಶಯವಿತ್ತು, ಹೊರಗಿನಿಂದ ಬಂದ ಉದ್ರೇಕ ಇಳಿದ ಮೇಲೆ ಮನಸ್ಸು ಮತ್ತೊಂದು ಉದ್ರೇಕವನ್ನು ಹುಡುಕಿಕೊಂಡು ಹೋಗುತ್ತದೆಂದು ಅವರು ಕಂಡಿದ್ದರು. ಇದು ಬಿ.ಎಡ್. ಪ್ರಶಿಕ್ಷಣಾರ್ಥಿಗಳಿಗೆ ಸುಲಭವಾಗಿ ರುಚಿಸುವ ಮಾತಲ್ಲ, ಏಕೆಂದರೆ ಒಳ್ಳೆಯ ಶಿಕ್ಷಕನೆಂದರೆ ಸ್ಫೂರ್ತಿ ತುಂಬುವವನು ಎಂಬ ಕಲ್ಪನೆಯೇ ಅವರಲ್ಲಿ ಹಲವರನ್ನು ಈ ವೃತ್ತಿಗೆ ಕರೆತಂದಿರುತ್ತದೆ.

1953ರಲ್ಲಿ ಪ್ರಕಟವಾದ ಅವರ ಶಿಕ್ಷಣ ಕುರಿತ ಗ್ರಂಥದ ಒಂದು ಮುಖ್ಯ ವಾದವೆಂದರೆ, ಮೊದಲು ಶಿಕ್ಷಣ ಬೇಕಾಗಿರುವುದು ಶಿಕ್ಷಕರಿಗೇ. ಮನಸ್ಸಿನ ಕಟ್ಟುಗಳು, ಎಂದರೆ ಜಾತಿ, ಮತ, ದೇಶ, ಮನೆತನ, ವೃತ್ತಿಗಳು ಅರಿವಿಲ್ಲದಂತೆ ಮೂಡಿಸಿರುವ ರೂಢಿಗಳು, ಶಿಕ್ಷಕರಲ್ಲಿ ಹಾಗೆಯೇ ಉಳಿದಿದ್ದರೆ ಅವರು ಕಲಿಸುವ ಪಾಠ ಯಾವುದೇ ಇರಲಿ, ಮಕ್ಕಳಿಗೆ ದಾಟುವುದು ಆ ಕಟ್ಟುಗಳೇ. ಹೋಲಿಕೆಯ ಬಗ್ಗೆ ಅವರು ಹೇಳಿದ್ದು ಇನ್ನೂ ಕಟುವಾದದ್ದು. ಒಂದು ಮಗುವನ್ನು ಇನ್ನೊಂದು ಮಗುವಿನೊಡನೆ ಹೋಲಿಸಿದೊಡನೆ ಆ ಮಗು ತಾನಿರುವುದನ್ನು ನೋಡುವುದನ್ನು ಬಿಟ್ಟು ತಾನಾಗಬೇಕಾದುದರ ಹಿಂದೆ ಓಡತೊಡಗುತ್ತದೆ, ಆ ಓಟದ ಬೆನ್ನಿಗೆ ಭಯವಿರುತ್ತದೆ, ಭಯವಿರುವಲ್ಲಿ ಬುದ್ಧಿ ಅರಳುವುದಿಲ್ಲ ಎಂಬ ಈ ಸರಪಣಿಯಲ್ಲಿ ಯಾವ ಕೊಂಡಿಯೂ ಸಡಿಲವಿಲ್ಲ. ಅಂಕಪಟ್ಟಿಯನ್ನೇ ತೆಗೆದುಹಾಕುವ ಅಧಿಕಾರ ಹೊಸ ಶಿಕ್ಷಕರಿಗೆ ಇರುವುದಿಲ್ಲ, ನಿಜ. ಆದರೆ ಉತ್ತರಪತ್ರಿಕೆಗಳನ್ನು ಹಂಚುವಾಗ ಯಾರ ಹೆಸರನ್ನು ಯಾವ ದನಿಯಲ್ಲಿ ಕೂಗಬೇಕೆಂಬುದು ಪೂರ್ಣವಾಗಿ ಅವರ ಕೈಯಲ್ಲೇ ಇರುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಮಗ್ಗಿ, ಕಾಗುಣಿತ, ಭೂಪಟ ಇವನ್ನು ಮಗು ಯಾರದೋ ಮಾತನ್ನು ನಂಬದೆ ಕಲಿಯಲಾರದು. ಎಲ್ಲವನ್ನೂ ಸಂಶಯಿಸುತ್ತ ಕೂತ ಮಗುವಿಗೆ ಓದು ಬರಹ ಬರುವುದಿಲ್ಲ. ಕೃಷ್ಣಮೂರ್ತಿಯವರು ಇದನ್ನು ಅಲ್ಲಗಳೆದವರಲ್ಲ. ವ್ಯವಹಾರಕ್ಕೆ ಬೇಕಾದ ಸಂಗ್ರಹಿತ ಜ್ಞಾನಕ್ಕೆ ಅದರದೇ ಸ್ಥಾನವಿದೆಯೆಂದೂ, ಮನಸ್ಸು ತನ್ನನ್ನು ತಾನು ಅರಿಯುವ ಕ್ಷೇತ್ರದಲ್ಲಿ ಮಾತ್ರ ಪ್ರಾಮಾಣ್ಯ, ಎಂದರೆ ಹೇಳಿದವರ ಸ್ಥಾನದಿಂದಲೇ ಮಾತಿಗೆ ಬರುವ ಬಲ, ಅಡ್ಡಿಯಾಗುತ್ತದೆಂದೂ ಅವರು ವಿಭಾಗಿಸಿದರು. ಆದರೆ ತರಗತಿಯಲ್ಲಿ ಈ ಗೆರೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಇತಿಹಾಸದ ಪಾಠದಲ್ಲಿ ಇಸವಿ ಸಂಗ್ರಹಿತ ಜ್ಞಾನ. ಯುದ್ಧದಲ್ಲಿ ಗೆದ್ದವರ ಬಗ್ಗೆ ಮಗುವಿನಲ್ಲಿ ಹುಟ್ಟುವ ಹೆಮ್ಮೆ ಅಥವಾ ಸೋತವರ ಬಗ್ಗೆ ಮೂಡುವ ತಾತ್ಸಾರ ಮನಸ್ಸಿನ ಕಟ್ಟು. ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ. ಈ ಒಂದು ವಿಷಯದಲ್ಲಿ ನೈಯಾಯಿಕರ ವಿವೇಕ ಕೃಷ್ಣಮೂರ್ತಿಯವರ ವಾದಕ್ಕೆ ಬೇಕಾದ ಪೂರಕವೆಂದು ತೋರುತ್ತದೆ: ಆಪ್ತನ ಮಾತನ್ನು ಮಗು ಒಪ್ಪಲಿ, ಆದರೆ ಆ ಮಾತು ಎಲ್ಲಿಂದ ಬಂತೆಂಬುದನ್ನು ತೋರಿಸುವ, ಬೆಳೆದಂತೆ ಅದನ್ನು ಪರೀಕ್ಷಿಸುವ ದಾರಿಯನ್ನು ತೆರೆದಿಡುವ ಹೊಣೆ ಆಪ್ತನದು.

ಸಂಘಟನೆಯನ್ನು ನಿರಾಕರಿಸಿದವರು ಶಾಲೆಗಳನ್ನು ಸ್ಥಾಪಿಸಿದ್ದೂ ಗಮನಾರ್ಹ. ಮದನಪಲ್ಲಿಯ ಹತ್ತಿರದ ರಿಷಿ ವ್ಯಾಲಿ, ವಾರಾಣಸಿಯ ರಾಜಘಾಟ್, ಇಂಗ್ಲೆಂಡಿನ ಬ್ರಾಕ್‌ವುಡ್ ಪಾರ್ಕ್, ಬೆಂಗಳೂರಿನ ವ್ಯಾಲಿ ಸ್ಕೂಲ್ ಇವುಗಳಲ್ಲಿ ಸೇರಿವೆ. 1978ರಿಂದ ಈ ಶಾಲೆಗಳಿಗೆ ಅವರು ನಿಯಮಿತವಾಗಿ ಪತ್ರಗಳನ್ನೂ ಬರೆದರು. ಇವು ಶುಲ್ಕ ಕೊಡಬಲ್ಲವರ ಮಕ್ಕಳು ಕಲಿಯುವ ಶಾಲೆಗಳು, ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸುವ ಹಳ್ಳಿಯ ಶಿಕ್ಷಕರಿಗೆ ಇವುಗಳಿಂದ ಏನು ಪ್ರಯೋಜನ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಸಿಕ್ಕ ಒಂದು ಉತ್ತರಕ್ಕೆ ಕನ್ನಡ ನಾಡಿನ ನಂಟಿದೆ. ರಿಷಿ ವ್ಯಾಲಿಯ ಗ್ರಾಮೀಣ ಶಿಕ್ಷಣ ವಿಭಾಗವು ಸುತ್ತಲಿನ ಹಳ್ಳಿಗಳ ಪುಟ್ಟ ಶಾಲೆಗಳಿಗಾಗಿ, ಬೇರೆಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳ ನೆರವಿನಿಂದ ತಮ್ಮತಮ್ಮ ವೇಗದಲ್ಲಿ ಕಲಿಯುವ ಕ್ರಮವನ್ನು ರೂಪಿಸಿತ್ತು. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಅಲ್ಲಿಗೆ ಹೋಗಿ ಆ ಶಾಲೆಗಳನ್ನು ನೋಡಿ ಬಂದರು, ಯುನಿಸೆಫ್ ನೆರವಿನೊಂದಿಗೆ ‘ನಲಿ-ಕಲಿ’ ಆರಂಭವಾಯಿತು. ಕಲಿಕಾ ಏಣಿಯ ಮೇಲೆ ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಮಗು ತಾನೇ ನೋಡಿಕೊಳ್ಳುವ ಈ ಕ್ರಮದಲ್ಲಿ ಪಕ್ಕದ ಮಗುವಿನೊಡನೆ ಹೋಲಿಕೆಯ ಅಗತ್ಯ ಕುಗ್ಗುತ್ತದೆ, ಹಲಗೆಯ ಮುಂದೆ ನಿಂತು ಎಲ್ಲವನ್ನೂ ಹೇಳುವ ಶಿಕ್ಷಕರು ನೆಲದ ಮೇಲೆ ಮಕ್ಕಳ ಗುಂಪಿನ ನಡುವೆ ಕೂರುತ್ತಾರೆ.

ಆದರೂ ಕೃಷ್ಣಮೂರ್ತಿಯವರು ಯಾವ ಪದ್ಧತಿಯನ್ನೂ ನಂಬಿದವರಲ್ಲ. ಪದ್ಧತಿಯೇ ಹೊಸ ಪ್ರಾಮಾಣ್ಯವಾಗಿಬಿಡುತ್ತದೆ ಎಂಬುದು ಅವರ ಎಚ್ಚರಿಕೆಯಾಗಿತ್ತು. ನಲಿ-ಕಲಿಯ ಚರಿತ್ರೆಯಲ್ಲೇ ಇದನ್ನು ಕಾಣಬಹುದು. ಹೆಗ್ಗಡದೇವನಕೋಟೆಯ ಶಿಕ್ಷಕರು ತಾವು ನೋಡಿದ್ದನ್ನು ನಕಲು ಮಾಡದೆ, ತಮ್ಮ ಮಕ್ಕಳ ಮಾತು, ಹಾಡು, ಆಟಗಳನ್ನು ಗಮನಿಸಿ ಕನ್ನಡದಲ್ಲಿ ತಾವೇ ಕಾರ್ಡುಗಳನ್ನು ಕಟ್ಟಿದರು, ತಪ್ಪಿದ್ದನ್ನು ತಿದ್ದಿದರು. ಆ ಕೆಲಸದಲ್ಲಿ ಅವರೇ ಕಲಿಯುವವರಾಗಿದ್ದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿದಾಗ, ನಂತರ ಬಂದ ಶಿಕ್ಷಕರ ಕೈಗೆ ಅವೇ ಕಾರ್ಡುಗಳು ಮುದ್ರಿತವಾಗಿ, ತರಬೇತಿ ಮತ್ತು ಸುತ್ತೋಲೆಗಳ ಜೊತೆಗೆ ತಲುಪಿದವು. ಮೊದಲ ಶಿಕ್ಷಕರು ಪ್ರಶ್ನೆಯಾಗಿ ಎದುರಿಸಿದ್ದನ್ನು ಎರಡನೆಯವರು ಉತ್ತರವಾಗಿ ಪಡೆದರು. ಇಂದು ಆ ಕಾರ್ಡುಗಳನ್ನು ಹಿಡಿದು ತರಗತಿಗೆ ಹೋಗುವ ಪ್ರಶಿಕ್ಷಣಾರ್ಥಿಯು ಅವುಗಳಲ್ಲಿ ಯಾವುದು ಎದುರಿಗಿರುವ ಮಗುವಿಗೆ ಒಗ್ಗುತ್ತಿಲ್ಲವೆಂದು ಕಂಡುಕೊಂಡು, ಅದನ್ನು ಬದಿಗಿಟ್ಟು, ಬೇರೊಂದನ್ನು ತಾನೇ ಬರೆಯಬೇಕಾಗುತ್ತದೆ.