ಕಂಡವನ ಹೊಣೆ

ಕತ್ತಲ ದಾರಿಯಲ್ಲಿ ಹಾವನ್ನು ಕಂಡವನು ಹಿಂದೆ ಬರುವವನಿಗೆ ಕೂಗಿ ಹೇಳುತ್ತಾನೆ. ಅದರಲ್ಲಿ ವಿಚಾರ ಮಾಡತಕ್ಕದ್ದೇನೂ ಇಲ್ಲ. ಆದರೆ ಕಂಡದ್ದು ಹಾವೋ ಹಗ್ಗವೋ ಎಂದು ತನಗೇ ನಿಶ್ಚಯವಿಲ್ಲದಾಗ ಅವನ ಧರ್ಮವೇನು? ಕೂಗಿದರೆ ಹಿಂದಿನವರು ಬೆದರಿ ಓಡಿ ಕೈಕಾಲು ಮುರಿದುಕೊಂಡಾರು. ಕೂಗದಿದ್ದರೆ ಹಾವು ಕಚ್ಚೀತು. ವೇದಾಂತಿಗಳು ಈ ರಜ್ಜುಸರ್ಪದ ದೃಷ್ಟಾಂತವನ್ನು ಬೇರೆ ಪ್ರಯೋಜನಕ್ಕೆ ಬಳಸಿದ್ದಾರೆಂಬುದನ್ನು ಬಲ್ಲೆವು. ಇಲ್ಲಿ ಅದನ್ನು ಕೇವಲ ವ್ಯವಹಾರದ ಅರ್ಥದಲ್ಲಿ ತೆಗೆದುಕೊಂಡಿದ್ದೇವೆ. ಭೂಮಿಯ ಮೈಯಲ್ಲಾಗುವ ಬದಲಾವಣೆಗಳನ್ನು ಆಕಾಶದಿಂದ ಗಮನಿಸುವ ರಾಡಾರ್ ಉಪಗ್ರಹಗಳ ವಿಚಾರವನ್ನು ಓದುತ್ತಿರುವಾಗ ಈ ಪ್ರಶ್ನೆ ನಮ್ಮನ್ನು ಬಿಡದೆ ಕಾಡಿತು.

ಛಾಯಾಚಿತ್ರಕ್ಕೆ ಹಗಲು ಬೇಕು, ಮೋಡವಿಲ್ಲದ ಆಕಾಶ ಬೇಕು. ರಾಡಾರಿಗೆ ಎರಡರ ಹಂಗೂ ಇಲ್ಲ. ಅದು ತಾನೇ ಸೂಕ್ಷ್ಮತರಂಗಗಳನ್ನು ನೆಲಕ್ಕೆ ಕಳುಹಿಸಿ, ಮರಳಿದ ಪ್ರತಿಧ್ವನಿಯನ್ನು ಆಲಿಸುತ್ತದೆ. ಕಣ್ಣೆನ್ನುವುದಕ್ಕಿಂತ ಕಿವಿಯೆನ್ನುವುದೇ ಲೇಸು. ಕೆಲವು ದಿನಗಳ ತರುವಾಯ ಅದೇ ಕಕ್ಷೆಯಲ್ಲಿ ಬಂದು ಮತ್ತೆ ಆಲಿಸುವಾಗ, ನಡುವೆ ನೆಲವು ಕುಸಿದಿದ್ದರೆ ಅಲೆಯು ಕೊಂಚ ಹೆಚ್ಚು ದೂರ ಹೋಗಿ ಬರಬೇಕಾಗುತ್ತದೆ; ಅದರ ಏರಿಳಿತ ಮೊದಲಿನದರೊಡನೆ ಹೊಂದುವುದಿಲ್ಲ. ಈ ಹೊಂದದಿರುವಿಕೆಯನ್ನೇ ವಿಜ್ಞಾನಿಗಳು ಅಳೆಯುತ್ತಾರೆ. ಯೂರೋಪಿನ ಬಾಹ್ಯಾಕಾಶ ಸಂಸ್ಥೆಯು 2014ರಲ್ಲಿ ಹಾರಿಸಿದ ಸೆಂಟಿನೆಲ್-1ಎ ಉಪಗ್ರಹದ ಅಲೆಯ ಉದ್ದ ಸುಮಾರು 5.6 ಸೆಂಟಿಮೀಟರು. ಹೋಗುವಾಗೊಮ್ಮೆ ಬರುವಾಗೊಮ್ಮೆ ಎಂದು ದೂರದ ವ್ಯತ್ಯಾಸವು ಇಮ್ಮಡಿಯಾಗುವುದರಿಂದ, ನೆಲವು 2.8 ಸೆಂಟಿಮೀಟರು ಸರಿದರೆ ಒಂದು ಪೂರ್ಣ ಅಲೆಯ ಅಂತರ ಕಾಣುತ್ತದೆ. ಅದರ ಸಣ್ಣ ಪಾಲನ್ನೂ ಗುರುತಿಸಬಹುದು. ಸುಮಾರು 700 ಕಿಲೋಮೀಟರು ಎತ್ತರದಿಂದ ಹೆಬ್ಬೆರಳಗಲದ ಕುಸಿತವನ್ನು ಅರಿಯುವ ಈ ಶಕ್ತಿಗೆ ಬೆರಗಾಗದವರಾರು!

ಅರಿತ ಮೇಲೆ ಏನು? ಬದರಿಯ ಹಾದಿಯಲ್ಲಿರುವ ಜೋಶೀಮಠವನ್ನು ನೋಡೋಣ. ಅದು ಶೃಂಗೇರಿಗೆ ಸೋದರಪೀಠವಿರುವ ಊರು. ಅದು ಗಟ್ಟಿ ಬಂಡೆಯ ಮೇಲಲ್ಲ, ಹಿಂದೆಂದೋ ಜರಿದು ಬಂದ ಮರಳು ಕಲ್ಲುಗಳ ರಾಶಿಯ ಮೇಲೆ ಕುಳಿತಿದೆಯೆಂದು 1976ರಲ್ಲಿಯೇ ಮಿಶ್ರಾ ಸಮಿತಿಯು ಎಚ್ಚರಿಸಿ, ಭಾರೀ ಕಟ್ಟಡಗಳನ್ನು ತಡೆಯಬೇಕೆಂದಿತ್ತು. ಕೇಳಿದವರು ಕಡಮೆ. 2021ರಲ್ಲಿ ಕೆಲವು ಮನೆಗಳ ಗೋಡೆಗಳು ಬಿರಿದವು. 2023ರ ಜನವರಿಯಲ್ಲಿ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಉಪಗ್ರಹದ ಅಳತೆಗಳನ್ನು ಪ್ರಕಟಿಸಿತು. 2022ರ ಏಪ್ರಿಲಿನಿಂದ ನವೆಂಬರಿನವರೆಗೆ ಸುಮಾರು 9 ಸೆಂಟಿಮೀಟರು ಕುಸಿದಿದ್ದ ನೆಲ, ಡಿಸೆಂಬರ್ 27ರಿಂದ ಜನವರಿ 8ರವರೆಗಿನ ಹನ್ನೆರಡೇ ದಿನಗಳಲ್ಲಿ 5.4 ಸೆಂಟಿಮೀಟರು ಇಳಿದಿತ್ತು. ಆ ವರದಿ ಬೇಗನೆ ಜಾಲತಾಣದಿಂದ ಮರೆಯಾಯಿತು. ಅನುಮತಿಯಿಲ್ಲದೆ ಪತ್ರಿಕೆಗಳೊಡನೆ ಮಾತನಾಡಕೂಡದೆಂದು ವಿಪತ್ತು ನಿರ್ವಹಣಾ ಪ್ರಾಧಿಕಾರವು ಸಂಸ್ಥೆಗಳಿಗೆ ಬರೆಯಿತು. ಜನರಲ್ಲಿ ಗೊಂದಲವುಂಟಾಗುತ್ತದೆಂಬುದು ಕಾರಣ. ಆ ಬಳಿಕ ಸಿದ್ಧವಾದ ತಜ್ಞರ ವರದಿಗಳು ಬಯಲಿಗೆ ಬಂದದ್ದು, ಉತ್ತರಾಖಂಡದ ಉಚ್ಚ ನ್ಯಾಯಾಲಯವು ಪ್ರಶ್ನಿಸಿದ ಮೇಲೆ, ಅದೇ ವರ್ಷದ ಸೆಪ್ಟೆಂಬರಿನಲ್ಲಿ.

ಗೊಂದಲದ ಭಯ ಸುಳ್ಳೆಂದು ನಾವು ಹೇಳಲಾರೆವು. ರಾಡಾರಿನ ಕಿವಿಗೂ ಮಿತಿಯಿದೆ. ನೆಲವು ತನ್ನತ್ತ ಬಂದಿತೋ ತನ್ನಿಂದ ದೂರವಾಯಿತೋ ಎಂಬಷ್ಟನ್ನೇ ಅದು ಬಲ್ಲುದು, ಏಕೆ ಎಂಬುದನ್ನರಿಯದು. ದಟ್ಟವಾದ ಕಾಡಿನಲ್ಲಿ ಎಲೆಗಳ ಅಲುಗಾಟವೇ ಅದನ್ನು ಗಲಿಬಿಲಿಗೊಳಿಸುತ್ತದೆ. ಜೋಶೀಮಠದಲ್ಲಿ ಆ ತ್ವರಿತ ಕುಸಿತ ಕಂಡದ್ದು ಪಟ್ಟಣದ ನಡುಭಾಗದಲ್ಲಿ. ಸುದ್ದಿಯಲ್ಲಿ ಊರಿಗೆ ಊರೇ ಮುಳುಗಿತು. ಆದರೂ ಆ 5.4 ಸೆಂಟಿಮೀಟರು ಯಾರ ಅಡಿಯ ನೆಲ? ಎಂಟುನೂರಕ್ಕೂ ಮಿಕ್ಕ ಕಟ್ಟಡಗಳಲ್ಲಿ ಬಿರುಕನ್ನು ಕಣ್ಣಾರೆ ಕಾಣುತ್ತಿದ್ದವರಿಂದ ಬಿರುಕಿನ ಅಳತೆಯನ್ನು ಮರೆಸಿದರೆ ಅವರ ಭಯ ಇಳಿಯುವುದುಂಟೆ?

ಹೀಗೆ ಕೇಳುವ ಅಧಿಕಾರ ನಮಗಿದೆಯೇ ಎಂಬುದು ಬೇರೆ ಮಾತು. ಒಂದು ಮಳೆಗಾಲದಲ್ಲಿ ನಮ್ಮ ತರಗತಿಯ ಪಡುವಣ ಗೋಡೆಯಲ್ಲಿ ಬಿರುಕು ಕಾಣಿಸಿಕೊಂಡಿತು. ಮಕ್ಕಳು ಅಂಜಬಾರದೆಂದು ಅದರ ಮೇಲೆ ಭಾರತದ ಭೂಪಟವನ್ನು ತೂಗುಹಾಕಿದೆವು. ಮೇಲಿನವರಿಗೆ ಬರೆಯೋಣ, ರಜೆ ಮುಗಿಯಲಿ ಎನ್ನುತ್ತ ದಿನ ಕಳೆಯಿತು. ಒಂದು ದಿನ ಗಂಗಾನದಿಯನ್ನು ತೋರಿಸಹೊರಟ ಹುಡುಗನೊಬ್ಬನ ಕೈ ತಾಗಿ ಪಟವು ಓರೆಯಾಯಿತು. ಅವನು ಗೋಡೆಯನ್ನು ನೋಡಿದನು, ನಮ್ಮನ್ನು ನೋಡಿದನು. "ಮಾಷ್ಟ್ರೇ, ಇದು ನಿಮಗೆ ಮೊದಲೇ ಗೊತ್ತಿತ್ತಾ?" ಎಂದನು. ಅವನ ಮುಖದಲ್ಲಿ ಗೋಡೆಯ ಭಯವಿರಲಿಲ್ಲ. ಅಲ್ಲಿದ್ದುದೇನೆಂಬುದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಕಂಡವನ ಹೊಣೆ ಕೊನೆಯಿಲ್ಲದ್ದೂ ಅಲ್ಲ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಬೆಟ್ಟ ಜರಿಯಿತು. ಮರುದಿನ ಮೋಡವನ್ನು ಭೇದಿಸಿ ಭಾರತದ ರಿಸ್ಯಾಟ್ ಉಪಗ್ರಹವು ತೆಗೆದ ಚಿತ್ರಗಳೂ ಕಾರ್ಟೊಸ್ಯಾಟ್-3ರ ಚಿತ್ರಗಳೂ ಪ್ರಕಟವಾದವು: 1550 ಮೀಟರು ಎತ್ತರದಲ್ಲಿ 86,000 ಚದರ ಮೀಟರು ನೆಲ ಕಳಚಿ, ಸುಮಾರು 8 ಕಿಲೋಮೀಟರು ದೂರ ಹರಿದಿತ್ತು. ವೆಳ್ಳಾರ್‌ಮಲದ ಶಾಲೆ ಆ ಹರಿವಿನ ಹಾದಿಯಲ್ಲಿಯೇ ಇತ್ತು. ತರಗತಿಗಳಲ್ಲಿ ಹಾಜರಿ ಕರೆಯಲು ಹೆಸರುಗಳು ಕಡಮೆಯಾದವು. ಅತಿವೃಷ್ಟಿಯಿಂದ ಕ್ಷಣಮಾತ್ರದಲ್ಲಿ, ಕಾಡು ಮುಚ್ಚಿದ ಇಳಿಜಾರಿನಲ್ಲಿ ಜರಿಯುವ ನೆಲವನ್ನು, ದಿನಗಳಿಗೊಮ್ಮೆ ಹಾದುಹೋಗುವ ಉಪಗ್ರಹವು ಹಿಂದಿನ ರಾತ್ರಿಯೇ ಹೇಳಬೇಕಿತ್ತೆಂದು ಆಗ್ರಹಿಸುವುದು ನ್ಯಾಯವಲ್ಲ. ನಿಧಾನವಾಗಿ ಜಾರುವುದನ್ನು ಅದು ಕಾಣಬಲ್ಲುದು. ಕಂಡದ್ದಕ್ಕೆ ಮಾತ್ರ ಅದರ ಒಡೆಯರು ಉತ್ತರವಾದಿಗಳು.

ಆ ದುರಂತಕ್ಕೆ ಸರಿಯಾಗಿ ವರ್ಷ ತುಂಬಿದ ದಿನ, 2025ರ ಜುಲೈ 30ರಂದು, ಭಾರತ ಮತ್ತು ಅಮೆರಿಕಗಳು ಕೂಡಿ ನಿರ್ಮಿಸಿದ ನಿಸಾರ್ ಉಪಗ್ರಹವು ಶ್ರೀಹರಿಕೋಟದಿಂದ ಮೇಲೇರಿತು. ಕಾಕತಾಳೀಯವೇ ಸರಿ. ಅದರಲ್ಲಿರುವ ಎರಡು ರಾಡಾರುಗಳಲ್ಲಿ ಒಂದರ ಅಲೆ ಸುಮಾರು 24 ಸೆಂಟಿಮೀಟರು ಉದ್ದದ್ದು. ಎಲೆಗಳ ನಡುವೆ ತೂರಿ ನೆಲವನ್ನು ಮುಟ್ಟಲು ಸಣ್ಣ ಅಲೆಗಿಂತ ಅದು ಮೇಲು. ಅದು 12 ದಿನಗಳಿಗೊಮ್ಮೆ ಅದೇ ಹಾದಿಗೆ ಮರಳುತ್ತದೆ. ಅದರ ಅಳತೆಗಳನ್ನು ಜಗತ್ತಿಗೆಲ್ಲ ಉಚಿತವಾಗಿ ತೆರೆದಿಡುವುದು ಸಂಕಲ್ಪ. ದೊಡ್ಡ ಮನಸ್ಸಿನ ಕೆಲಸವೆಂದು ಒಪ್ಪುತ್ತೇವೆ. ಆದರೆ ತೆರೆದಿಟ್ಟ ಮಾತ್ರಕ್ಕೆ ಹೇಳಿದಂತಾಯಿತೆ? ನಮ್ಮ ಗಡಿನಾಡಿನಲ್ಲಿ ಮಳೆಗಾಲದ ಎಚ್ಚರಿಕೆಯ ಕಾಗದ ಎಷ್ಟೋ ಸಲ ಮಲೆಯಾಳದಲ್ಲಿ ಮಾತ್ರ ಬರುತ್ತದೆ. ಕನ್ನಡವಷ್ಟನ್ನೇ ಬಲ್ಲ ಮುದುಕಿಯರು ಅದನ್ನು ಸೆರಗಿನಲ್ಲಿ ಮುಚ್ಚಿ ತಂದು, "ಇದರಲ್ಲಿ ಎಂಥ ಬರೆದಿದ್ದಾರೆ, ಮಾಷ್ಟ್ರೇ? ನಾವು ಮನೆ ಬಿಡಬೇಕಾ?" ಎಂದು ಕೇಳುತ್ತಾರೆ. ಬಣ್ಣಬಣ್ಣದ ರಾಡಾರ್ ಚಿತ್ರವನ್ನು ಇವರಿಗೆ ಓದಿ ಹೇಳುವವರು ಯಾರು, ಯಾವ ಮಾತಿನಲ್ಲಿ, ಎಷ್ಟು ಸಂದೇಹವನ್ನು ಜೊತೆಗಿಟ್ಟುಕೊಂಡು ಎಂಬುದನ್ನು ಉಪಗ್ರಹ ಹಾರಿಸುವಾಗಲೇ ಯೋಚಿಸಿರಬೇಕಲ್ಲವೆ?

ನಮ್ಮ ತರಗತಿ ಈಗ ಪಕ್ಕದ ಕೋಣೆಯಲ್ಲಿ ನಡೆಯುತ್ತಿದೆ. ಗೋಡೆಯನ್ನು ಪರೀಕ್ಷಿಸಿ ಹೋದವರ ಉತ್ತರಕ್ಕಾಗಿ ಕಾಯುತ್ತಿದ್ದೇವೆ. ಅಲ್ಲಿಯವರೆಗೆ, ಬಿರುಕಿನ ಎರಡೂ ಕಡೆ ಸುಣ್ಣದ ಗೆರೆ ಎಳೆದು, ಸೋಮವಾರ ಸೋಮವಾರ ಹೊರಗಿನ ಜಗಲಿಯ ಕಡೆಯಿಂದ ಅಳೆದು, ತಾರೀಕು ಹಾಕಿ ಹಲಗೆಯ ಮೂಲೆಯಲ್ಲಿ ಬರೆಯುತ್ತೇವೆ. ಅಡಿಕೋಲನ್ನು ಹಿಡಿಯುವವನು ಆ ಹುಡುಗನೇ.